ಸಿಂಗಲ್ ಓನರ್ ಗಾಡಿ

(ತೀರ್ಥಹಳ್ಳಿ ಕಡೆಯ ಒಂದು ಗ್ಯಾರೇಜು. 2004ರಲ್ಲಿ ಶೋರೂಮಿನಿಂದ ಇಳಿದ ಪಿಕಪ್ ಜಾಕಿಯ ಮೇಲೆ. ಮಾಲೀಕ ಶಾಮಣ್ಣ ಸ್ಟೂಲಿನ ಮೇಲೆ. ಯಾರನ್ನು ಮೊದಲು ಇಳಿಸಬೇಕೆಂಬುದು ಕಷ್ಟದ ಪ್ರಶ್ನೆ.)

ಮೇಸ್ತ್ರಿ: ನೀಲಿ ಹೊಗೆ ಬರ್ತಿದೆ ಶಾಮಣ್ಣ. ರಿಂಗು ಸವೆದು ಆಯಿಲ್ ಉರೀತಿದೆ. ಇಂಜಿನ್ ಬಿಚ್ಚಬೇಕು.

ಶಾಮಣ್ಣ: ಬಿಚ್ಚು ಮಾರಾಯ. ಆದ್ರೆ ಒರಿಜಿನಲ್ ಕೆಡಬಾರದು.

ಮೇಸ್ತ್ರಿ: ಒರಿಜಿನಲ್ ಎಲ್ಲುಳಿದಿದೆ? ಡೋರು ಗುಜರಿಯದ್ದು, ಹಿಂದಿನ ಬಾಡಿ ಶಿವಮೊಗ್ಗದಲ್ಲಿ ಕಟ್ಟಿಸಿದ್ದು, ಗೇರ್‌ಬಾಕ್ಸ್ ಯಾವುದೋ ಪಲ್ಟಿ ಹೊಡೆದ ಗಾಡಿದು.

ಶಾಮಣ್ಣ: ಚಾಸಿ ನಂಬರ್ ಇದೆಯಲ್ಲ!

(ಮೇಸ್ತ್ರಿ ಡೀಸೆಲ್ ಬಟ್ಟೆಯಿಂದ ಉಜ್ಜುತ್ತಾನೆ. ಮಲೆನಾಡಿನ ಮಳೆ ತಿಂದ ಕಬ್ಬಿಣ, ಹಕ್ಕಳೆ ಹಕ್ಕಳೆಯಾಗಿ ಅಂಗೈಗೆ ಉದುರುತ್ತದೆ. ಕೊನೆಯ ಅಂಕಿ 8 ಅಂದರೆ 8, 3 ಅಂದರೆ 3.)

ಮೇಸ್ತ್ರಿ: ವರ್ಷಾ ವರ್ಷ ಎಫ್‌ಸಿ ಬೇರೆ. 15 ವರ್ಷ ದಾಟಿದ ಗಾಡಿಗೆ 2022ರಿಂದ ಫೀಸೂ ಏರಿಸಿದ್ದಾರೆ. ಗುಜರಿಗೆ ಹಾಕಿ, ಹೊಸದು ತಗೊಳ್ಳಿ.

ಶಾಮಣ್ಣ: ಗುಜರಿಗಾ? ಅಡಿಕೆ ಮಂಡಿಗೂ ಮಗಳ ದಿಬ್ಬಣಕ್ಕೂ ಹೋದ ಗಾಡಿ ಕಣೋ ಇದು!

ಮೇಸ್ತ್ರಿ: ದಿಬ್ಬಣದ ದಿನ ಘಾಟಿಯಲ್ಲಿ ತಳ್ಳಿದವರಲ್ಲಿ ನಾನೂ ಒಬ್ಬ.

ಶಾಮಣ್ಣ: ತಳ್ಳಿದಾಗ ಸ್ಟಾರ್ಟ್ ಆಯ್ತೋ ಇಲ್ವೋ?

(ಫೋನು. ಆ ಕಡೆ ಹೆಂಡತಿ.)

ಹೆಂಡತಿ: ಮಂಡಿ ಆಪರೇಷನ್ನಿಗೆ ಅಡ್ವಾನ್ಸ್ ಕಟ್ಟಿದ್ರಾ?

ಶಾಮಣ್ಣ: ಅದು ಇಂಜಿನ್ನಿಗೆ ಬೇಕಾಯ್ತು ಕಣೇ. ನನ್ನ ಮಂಡಿ ಕಂಪನಿ ಫಿಟ್ಟಿಂಗು, ಇನ್ನೊಂದು ಮಳೆಗಾಲ ಓಡುತ್ತೆ.