ಸದ್ಯದ ಓದು

ಕನ್ನಡದಲ್ಲಿ 'ಸದ್ಯ' ಎಂಬ ಮಾತಿಗೆ ಎರಡು ಅರ್ಥ. ಒಂದು, ಈಗ. ಇನ್ನೊಂದು, ತಪ್ಪಿಹೋಗಲಿದ್ದ ಬಸ್ಸು ಸಿಕ್ಕಿದಾಗ ಎದೆಯ ಮೇಲೆ ಕೈಯಿಟ್ಟು ಬಿಡುವ ಉಸಿರು. 'ಸದ್ಯ ಭೈರಪ್ಪನವರ ಪರ್ವ ಓದ್ತಾ ಇದ್ದೀನಿ' ಎನ್ನುವವರ ಬಾಯಲ್ಲಿ ಎರಡೂ ಅರ್ಥ ಒಟ್ಟಿಗೇ ಇರುತ್ತವೆ. ಓದುತ್ತಿದ್ದೇನೆ ಎಂದಮೇಲೆ 'ಇನ್ನೂ ಓದಿಲ್ವೇ?' ಎಂದು ಯಾರೂ ಹಂಗಿಸುವಂತಿಲ್ಲ. ಮುಗಿಸಿಲ್ಲವಾದ್ದರಿಂದ 'ಕೊನೆಗೇನಾಯ್ತು?' ಎಂದು ಯಾರೂ ಕೇಳುವಂತಿಲ್ಲ. ವರ್ತಮಾನ ಕಾಲದಷ್ಟು ಭದ್ರವಾದ ಜಾಗ ವ್ಯಾಕರಣದಲ್ಲಿ ಬೇರೆ ಇಲ್ಲ.

ಆ ಜಾಗದಲ್ಲಿ ಕಾಯಂ ವಾಸವಾಗಿರುವ ಮಹನೀಯರನ್ನು ಸದ್ಯಕ್ಕೆ ಸದ್ಯಪ್ಪ ಎನ್ನೋಣ. ಬ್ಯಾಂಕಿನಿಂದ ನಿವೃತ್ತಿ, ಬಸವನಗುಡಿಯಲ್ಲಿ ಮನೆ, ಎಡಗಂಕುಳಲ್ಲಿ ಯಾವಾಗಲೂ ಒಂದು ಪುಸ್ತಕ. ಅದರ ಮುಖಪುಟ ಹೊರಕ್ಕೆ, ಲೋಕದ ಕಡೆಗೆ. ಭಾನುವಾರ ಬೆಳಿಗ್ಗೆ ವಿದ್ಯಾರ್ಥಿ ಭವನದ ಮುಂದಿನ ಸರದಿಯಲ್ಲಿ ನಿಂತು ಅವರು ಪುಸ್ತಕ ಬಿಡಿಸುತ್ತಾರೆ. ಸರದಿ ಮುಂದೆ ಹೋಗುತ್ತದೆ, ಪುಟ ಹೋಗುವುದಿಲ್ಲ. ಒಳಗೆ ಕುಳಿತ ಮೇಲೆ ಪುಸ್ತಕವನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಡುತ್ತಾರೆ. ಎದುರಿಗೆ ಕೂತವರಿಗೆ ಹೆಸರು ನೆಟ್ಟಗೆ ಕಾಣಬೇಕಲ್ಲ. ಮಸಾಲೆ ದೋಸೆ ಬರುವ ಹೊತ್ತಿಗೆ ಎದುರಿನವರು ಸಭ್ಯತೆಗಾದರೂ 'ಏನ್ಸಾರ್ ಓದ್ತಾ ಇದ್ದೀರಿ?' ಎಂದು ಕೇಳಿರುತ್ತಾರೆ. ಅಲ್ಲಿಗೆ ಆ ಪುಸ್ತಕಕ್ಕೆ ಕೊಟ್ಟ ದುಡ್ಡು ವಸೂಲಾಯಿತು.

ಹಾಗೆಂದು ಸದ್ಯಪ್ಪನವರು ಸುಳ್ಳುಗಾರರಲ್ಲ, ಆ ಮಾತು ಬಾರದಿರಲಿ. ಪುಸ್ತಕದ ಮೇಲೆ ಅವರಿಗಿರುವ ಪ್ರೀತಿ ಅಪ್ಪಟ. ಕೊಳ್ಳುತ್ತಾರೆ, ಮೂಸುತ್ತಾರೆ, ಮೊದಲ ಪುಟದಲ್ಲಿ ಹೆಸರು, ತಾರೀಖು, ಊರು ಬರೆಯುತ್ತಾರೆ, ಬೈಂಡು ಹಾಕುತ್ತಾರೆ. ಬಿಡುಗಡೆ ಸಮಾರಂಭಗಳಿಗೆ ತಪ್ಪದೆ ಹೋಗುತ್ತಾರೆ. ಬಣ್ಣದ ಕಾಗದ ಹರಿದು ಪುಸ್ತಕ ಎತ್ತಿ ಹಿಡಿಯುವ ಗಳಿಗೆಯಲ್ಲಿ ಮೊದಲ ಚಪ್ಪಾಳೆ ಅವರದೇ. (ಉಪ್ಪಿಟ್ಟು ಕೇಸರಿಬಾತು ಇಲ್ಲದ ಬಿಡುಗಡೆಗಳಿಗೂ ಹೋಗುತ್ತಾರೆ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.) ಮುನ್ನುಡಿ ಓದುತ್ತಾರೆ, ಬೆನ್ನುಡಿ ಬಾಯಿಪಾಠ ಮಾಡುತ್ತಾರೆ. ದೇವಸ್ಥಾನಕ್ಕೆ ಬಂದು ಮೂರು ಸುತ್ತು ಪ್ರದಕ್ಷಿಣೆ ಹಾಕಿ, ತೀರ್ಥ ಪ್ರಸಾದ ತೆಗೆದುಕೊಂಡು, ಗರ್ಭಗುಡಿಯ ಕಡೆ ತಿರುಗದೆ ಮನೆಗೆ ಹೋಗುವ ಭಕ್ತರಿರುತ್ತಾರಲ್ಲ, ಅವರ ಪಂಗಡ.

ಒಂದು ಕಾಲದಲ್ಲಿ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿ, ಕನ್ನಡಿಗರಿಗೆ ಓದುವ ಚಟ ಹಿಡಿಸಿದರು. ಪುಸ್ತಕ ಹೊತ್ತು ತಿರುಗುವುದರಲ್ಲಿ ಸದ್ಯಪ್ಪನವರೂ ಹಿಂದೆ ಬಿದ್ದಿಲ್ಲ. ಹೊರೆ ತಲೆಯಿಂದ ಕಂಕುಳಿಗೆ ಇಳಿದಿದೆ, ಅಷ್ಟೆ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ 'ಹಾರ್ಟ್ ಲ್ಯಾಂಪ್'. ಮಾರನೆಯ ದಿನ ಬೆಳಿಗ್ಗೆಯೇ ಸದ್ಯಪ್ಪನವರ 'ಸದ್ಯ' ಬದಲಾಯಿತು. ಕನ್ನಡದಿಂದ ಬೂಕರ್ ಗೆದ್ದ ಮೊದಲ ಪುಸ್ತಕ, ಸಣ್ಣಕಥೆಗಳ ಸಂಕಲನವೊಂದು ಈ ಪ್ರಶಸ್ತಿ ಗೆದ್ದದ್ದೂ ಮೊದಲು, ಒಳಗಿರುವ ಕಥೆ 12, ಬಹುಮಾನ 50,000 ಪೌಂಡು, ಅದರಲ್ಲಿ ಲೇಖಕಿಗೂ ಅನುವಾದಕಿಗೂ ಸಮಪಾಲು: ಎಲ್ಲ ನಾಲಗೆಯ ತುದಿಯಲ್ಲಿ. ಪೌಂಡನ್ನು ರೂಪಾಯಿಗೆ ಪರಿವರ್ತಿಸಿ ಹೇಳುವುದನ್ನೂ ಬಿಡಲಿಲ್ಲ, ಬ್ಯಾಂಕಿನವರು ನೋಡಿ. ಜಯನಗರದ ಸ್ನೇಹಿತರೊಬ್ಬರು 'ಹನ್ನೆರಡರಲ್ಲಿ ಯಾವ ಕಥೆ ಹಿಡಿಸ್ತು ನಿಮಗೆ?' ಎಂದು ಕೇಳಿಬಿಟ್ಟರು. ಸದ್ಯಪ್ಪನವರು ಕನ್ನಡಕ ತೆಗೆದು ಒರೆಸಿ, 'ಒಂದೊಂದು ಕಥೇನೂ ಒಂದೊಂದು ಥರ ಕಣ್ರೀ' ಎಂದರು. ಇದು ಎಲ್ಲ ಕಥಾಸಂಕಲನಗಳಿಗೂ ಒಪ್ಪುವ ವಿಮರ್ಶೆ.

ಅವರ ಬಾಳಿನಲ್ಲಿ ಒಮ್ಮೆ ಒಂದು ಅವಘಡ ನಡೆದದ್ದುಂಟು. ವಿವೇಕ ಶಾನಭಾಗರ 'ಘಾಚರ್ ಘೋಚರ್' ಹಿಡಿದಿದ್ದರು. ಎಷ್ಟಾದರೂ ಸಣ್ಣ ಕಾದಂಬರಿ. ಅಂಗಡಿಯಿಂದ ಮನೆಗೆ ಬರುವ ದಾರಿಯಲ್ಲಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಮನೆ ಮುಟ್ಟಿದ ಮೇಲೆ ಕರೆಂಟು ಹೋಗಿ ಟೀವಿಯೂ ಇಲ್ಲ. ಸಂಜೆಯೊಳಗೆ ಪುಸ್ತಕ ಮುಗಿದೇಹೋಯಿತು. ಈಗ ಏನೆಂದು ಹೇಳುವುದು? 'ಓದಿದ್ದೇನೆ' ಎಂದರೆ ಜನ ಕೊನೆಯ ಬಗ್ಗೆ ಕೇಳುತ್ತಾರೆ. ಆ ಕಾದಂಬರಿಯ ಕೊನೆಯೋ, ಓದಿದವರನ್ನೂ ಅನುಮಾನದಲ್ಲೇ ಬಿಟ್ಟು ಎದ್ದುಹೋಗುವಂಥದ್ದು. ಎರಡು ದಿನ ಸದ್ಯಪ್ಪನವರು ಮಂಕಾಗಿದ್ದರು. ಮೂರನೆಯ ದಿನ ದಪ್ಪ ಪುಸ್ತಕವೊಂದನ್ನು ತಂದು ಚೇತರಿಸಿಕೊಂಡರು.

ಈ ಪಂಗಡ ನಮ್ಮಲ್ಲಿ ಮಾತ್ರ ಇದೆ ಎಂದುಕೊಂಡು ನಾಚಬೇಕಾಗಿಲ್ಲ. ಜಾರ್ಡನ್ ಎಲೆನ್‌ಬರ್ಗ್ ಎಂಬ ಅಮೆರಿಕದ ಗಣಿತಜ್ಞರು 2014ರಲ್ಲಿ ಒಂದು ತಮಾಷೆಯ ಲೆಕ್ಕ ಹಾಕಿದರು. ಕಿಂಡಲ್‌ನಲ್ಲಿ ಓದುಗರು ಅತಿ ಹೆಚ್ಚು ಗುರುತು ಹಾಕಿದ ಐದು ಸಾಲುಗಳು ಯಾವ ಪುಟಗಳಲ್ಲಿವೆ ಎಂದು ನೋಡಿ, ಸರಾಸರಿ ತೆಗೆದು, ಒಟ್ಟು ಪುಟಗಳಿಂದ ಭಾಗಿಸಿದರು. ಜನ ಕೊನೆಯವರೆಗೂ ಓದಿದ್ದರೆ ಗುರುತುಗಳು ಪುಸ್ತಕದ ಉದ್ದಕ್ಕೂ ಹರಡಿರಬೇಕು ಎಂಬುದು ತರ್ಕ. ಮನೆಮನೆಯ ಕಪಾಟಿನಲ್ಲಿರುವ ಸ್ಟೀಫನ್ ಹಾಕಿಂಗ್‌ರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' ಗಿಟ್ಟಿಸಿದ್ದು ಶೇಕಡಾ 6.6. ಆ ವರ್ಷ ಎಲ್ಲರ ಕೈಯಲ್ಲೂ ಇದ್ದ ಥಾಮಸ್ ಪಿಕೆಟ್ಟಿಯ ಅರ್ಥಶಾಸ್ತ್ರದ ಹೆಬ್ಬೊತ್ತಗೆಗೆ ಬರೀ 2.4. ಫ್ರಾನ್ಸಿನ ಪ್ರಾಧ್ಯಾಪಕ ಪಿಯರ್ ಬಯಾರ್ ಅವರಂತೂ 2007ರಲ್ಲಿ, ಓದದ ಪುಸ್ತಕಗಳ ಬಗ್ಗೆ ಮಾತಾಡುವುದು ಹೇಗೆ ಎಂದೇ ಒಂದು ಪುಸ್ತಕ ಬರೆದರು. ಅದರಲ್ಲಿ ತಾವು ಹೆಸರಿಸುವ ಪುಸ್ತಕಗಳಿಗೆಲ್ಲ ಅವರು ಪ್ರಾಮಾಣಿಕವಾಗಿ ಗುರುತು ಕೊಟ್ಟಿದ್ದಾರೆ: ಗೊತ್ತಿಲ್ಲದ್ದು, ತಿರುವಿ ಹಾಕಿದ್ದು, ಕೇಳಿ ತಿಳಿದದ್ದು, ಓದಿ ಮರೆತದ್ದು. ಪೂರ್ತಿ ಓದಿ ನೆನಪಿಟ್ಟದ್ದು ಎಂಬ ಗುರುತೇ ಇಲ್ಲ. ಸದ್ಯಪ್ಪನವರಿಗೆ ಈ ಪುಸ್ತಕದ ಸುದ್ದಿ ಮುಟ್ಟಿಸಿದಾಗ ಬಹಳ ಸಂತೋಷಪಟ್ಟರು. ತರಿಸಿದರು. ಸದ್ಯ ಓದುತ್ತಿದ್ದಾರೆ.

ಕಬ್ಬನ್ ಪಾರ್ಕಿನಲ್ಲಿ ಶನಿವಾರ ಚಾಪೆ ಹಾಸಿಕೊಂಡು ಮೌನವಾಗಿ ಓದುವ ಯುವಕ ಯುವತಿಯರ ಬಗ್ಗೆ ಪತ್ರಿಕೆಯಲ್ಲಿ ನೋಡಿ ಒಂದು ಸಲ ಅಲ್ಲಿಗೂ ಹೋಗಿದ್ದರು. ಹುಲ್ಲು, ಬಿದಿರು ಮೆಳೆ, ನೆರಳು ಎಲ್ಲ ಚೆನ್ನಾಗಿತ್ತು. ಆದರೆ ಯಾರೂ ಮಾತಾಡುವುದಿಲ್ಲ, ಏನು ಓದುತ್ತಿದ್ದೀರಿ ಎಂದು ಕೇಳುವುದಿಲ್ಲ, ಸುಮ್ಮನೆ ಓದುತ್ತಾರೆ! ಇಪ್ಪತ್ತು ನಿಮಿಷ ತಡೆದುಕೊಂಡು ಎದ್ದು ಬಂದರು.

ಇಷ್ಟೆಲ್ಲ 'ಸದ್ಯ'ಗಳ ನಡುವೆ ಹಿರಿಯದೊಂದಿದೆ: ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು'. 'ಕಾನೂರು ಹೆಗ್ಗಡಿತಿ' ಬಂದದ್ದು 1936ರಲ್ಲಿ, ಇದು 1967ರಲ್ಲಿ, ನಡುವೆ 31 ವರ್ಷ ಎಂಬುದನ್ನು ಸದ್ಯಪ್ಪನವರು, ತಾವೇ ಕಾಯುತ್ತಾ ಕೂತಿದ್ದವರಂತೆ ವರ್ಣಿಸುತ್ತಾರೆ. ಮೈಸೂರಿನ ರಂಗಾಯಣ 2010ರಲ್ಲಿ ಸಿ. ಬಸವಲಿಂಗಯ್ಯನವರ ನಿರ್ದೇಶನದಲ್ಲಿ ಇದನ್ನು ರಾತ್ರಿಯಿಡೀ ನಡೆಯುವ ಒಂಬತ್ತು ಗಂಟೆಯ ನಾಟಕವಾಗಿ ಆಡಿಸಿತು. 2013ರಲ್ಲಿ ಅದು ಬೆಂಗಳೂರಿನ ಕಲಾಗ್ರಾಮಕ್ಕೆ ಬಂದಾಗ ಸದ್ಯಪ್ಪನವರು ಶಾಲು, ಫ್ಲಾಸ್ಕು ಸಮೇತ ಹೋಗಿದ್ದರು. ನಡುರಾತ್ರಿ ದಾಟುವಾಗ ಸ್ವಲ್ಪ ಕಣ್ಣು ಮುಚ್ಚಿದರಂತೆ. ಬಿಟ್ಟಾಗ ಬೆಳಕು ಹರಿದಿತ್ತು, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅವರೂ ತಟ್ಟಿದರು. ಅದೇ ವಾರ ಕಾದಂಬರಿ ಕೊಂಡು, ನಾಟಕದ ಟಿಕೆಟ್ಟನ್ನೇ ಗುರುತಿಗೆ ಇಟ್ಟು ಓದಲು ಶುರುಮಾಡಿದರು. ಏಳುನೂರು ಪುಟ ಮೀರಿದ ಪುಸ್ತಕ, ಟಿಕೆಟ್ಟು ಈಗಲೂ 46ನೇ ಪುಟದಲ್ಲಿದೆ. ಎಲೆನ್‌ಬರ್ಗ್ ಲೆಕ್ಕದಲ್ಲಿ ಹಾಕಿಂಗ್‌ಗೆ ಹೆಚ್ಚುಕಡಿಮೆ ಸಮಸಮ.

ಅಷ್ಟು ಪುಟಗಳ ಬಲದ ಮೇಲೆ ಅವರು ಗುತ್ತಿ ಮತ್ತು ಅವನ ನಾಯಿ ಹುಲಿಯನ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡಬಲ್ಲರು. ಕಾಡುದಾರಿಯಲ್ಲಿ ಮುಂದೆ ಗುತ್ತಿ, ಹಿಂದೆ ಹುಲಿಯ. 'ಕನ್ನಡದಲ್ಲಿ ಅಂಥ ನಾಯಿ ಇನ್ನೊಂದಿಲ್ಲ' ಎನ್ನುವಾಗ ಅವರ ದನಿ ನಿಜಕ್ಕೂ ಒದ್ದೆಯಾಗುತ್ತದೆ.

ಆ ಪ್ರತಿಯಲ್ಲಿ ಇನ್ನೊಂದು ಗುರುತೂ ಇತ್ತು. ದೊಡ್ಡ ಗಣಪತಿ ದೇವಸ್ಥಾನದ ಅರ್ಚನೆ ಚೀಟಿ, ಕಟ್ಟಕಡೆಯ ಪುಟಗಳ ನಡುವೆ. ಅದು ಅವರ ತಾಯಿಯದು. ವಯಸ್ಸು ಎಂಬತ್ತರ ಹತ್ತಿರ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನರ ಕಾಲದಲ್ಲಿ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ, ಗೋಣಿದಾರದಲ್ಲಿ ಹೊಲಿದು ಓದುತ್ತಿದ್ದ ಪೀಳಿಗೆಯವರು. ಮಧ್ಯಾಹ್ನ ಎಲ್ಲರ ಊಟವಾಗಿ ಅಡಿಗೆಮನೆ ಒರೆಸಿದ ಮೇಲೆ ಮಗ ತಂದುಹಾಕಿದ ಪುಸ್ತಕಗಳನ್ನು ಒಂದೊಂದಾಗಿ ಮುಗಿಸುತ್ತಾರೆ. ಏನು ಓದುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ನಾಚಿಕೊಂಡು, 'ಏನೋ ಒಂದು, ಹೊತ್ತು ಹೋಗ್ಬೇಕಲ್ಲ' ಎಂದು ಪುಸ್ತಕವನ್ನು ಸೆರಗಿನ ಮರೆಗೆ ಸರಿಸುತ್ತಾರೆ.

ಕಳೆದ ತಿಂಗಳು ಪಕ್ಕದ ಮನೆಯ ಹುಡುಗಿ, ಕನ್ನಡ ಎಂ.ಎ. ಓದುತ್ತಿರುವವಳು, ಪುಸ್ತಕ ಕೇಳಲು ಬಂದಳು. ಸದ್ಯಪ್ಪನವರು ಮದುಮಗಳನ್ನು ತೊಡೆಯ ಮೇಲಿಟ್ಟುಕೊಂಡು ಹುಲಿಯನ ಪ್ರಸ್ತಾಪ ಎತ್ತಿದರು. ಹುಡುಗಿ ಮುಖ ಸಣ್ಣದು ಮಾಡಿಕೊಂಡಳು.

'ಅದಕ್ಕೆ ಕೊನೇಲಿ ಹಾಗಾಗಬಾರದಿತ್ತು ಅಲ್ವಾ ಅಂಕಲ್?'

'ಏನಾಗಿದೆ ಅದಕ್ಕೆ?' ಎಂದರು ಸದ್ಯಪ್ಪ. 'ಗುತ್ತಿ ಜೊತೆ ನೆಟ್ಟಗೆ ಮನೆ ಸೇರ್ತಲ್ಲಮ್ಮ.'

ಹುಡುಗಿ ಏನೂ ಹೇಳಲಿಲ್ಲ. ಬಾಗಿಲ ಬಳಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ತಾಯಿ ಕೈ ನಿಲ್ಲಿಸಿದರು.

'ಆ ನಾಯಿ ಸುದ್ದಿ ಮಾತ್ರ ಎತ್ತಬೇಡ್ವೇ ಮಗು. ಎರಡು ದಿನ ನಂಗೆ ಅನ್ನ ಸೇರಲಿಲ್ಲ.'

ಅಂದು ರಾತ್ರಿ ಹನ್ನೊಂದಾದರೂ ನಡುಮನೆಯ ದೀಪ ಆರಿರಲಿಲ್ಲ. ಸದ್ಯಪ್ಪನವರು ಟಿಕೆಟ್ಟನ್ನು ಅದರ ಪಾಡಿಗೆ 46ರಲ್ಲೇ ಬಿಟ್ಟು, ಅರ್ಚನೆ ಚೀಟಿ ಇದ್ದ ಕಡೆ ಪುಸ್ತಕ ತೆರೆದು, ನಾಯಿಯನ್ನು ಹುಡುಕುತ್ತಾ ಹಿಂದಕ್ಕೆ ಹಿಂದಕ್ಕೆ ಪುಟ ತಿರುಗಿಸುತ್ತಿದ್ದರು.