ಡಬ್ಬಿ ಕಾಕಾ

ಬೀದರ್ ಸೀಮೆಯ ಯಾವ ಊರಿಗೆ ಹೋದರೂ ಒಬ್ಬ ಡಬ್ಬಿ ಕಾಕಾ ಇದ್ದೇ ಇರುತ್ತಾರೆ. ಭಾಲ್ಕಿಯಲ್ಲಾದರೆ ಝೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಔರಾದದಲ್ಲಾದರೆ ನಿವೃತ್ತ ಮಾಸ್ತರರ ವೇಷದಲ್ಲಿ. ಅಷ್ಟೂರಿನ ಕಾಕಾ ಇವರೆಲ್ಲರಿಗೂ ಹಿರಿಯಣ್ಣ. ಅವರ ಪಡಸಾಲೆಯ ಮೂಲೆಯಲ್ಲಿ, ದೇವರ ಜಗಲಿಗಿಂತ ಒಂದು ಗೇಣು ಕೆಳಗೆ, ಪಕ್ಕೆಯ ತಗಡು ಕಳಚಿದ ಕಂಪ್ಯೂಟರೊಂದು ಹಗಲೂ ರಾತ್ರಿ ಗೊರಗುಡುತ್ತಿರುತ್ತದೆ. ಅದರ ಫ್ಯಾನಿಗೆ ಹೊಲಿಗೆ ಮಷೀನಿನ ಎಣ್ಣೆ, ಹಣೆಗೆ ವಿಭೂತಿ. ಯಾರಾದರೂ ಹತ್ತಿರ ಸುಳಿದರೆ ಸಾಕು, “ಸರ್ವರ್ ಅದರಿ, ಮುಟ್ಟಬ್ಯಾಡ್ರಿ!”

ನಗಬೇಡಿ. ಓಣಿಯ ಅರ್ಧ ಚರಿತ್ರೆ ಅದರೊಳಗಿದೆ. ಬಹಮನಿ ಸುಲ್ತಾನ ಅಹ್ಮದ್ ಶಾಹ ವಲಿಯ ಗುಮ್ಮಟದ ಮುಂದೆ ಹಿಂದೂ ಮುಸ್ಲಿಮರು ಕೂಡಿ ನಡೆಸುವ ಜಾತ್ರೆಯ ವಿಡಿಯೊ, ಮದುವೆಗಳ ಸಿ.ಡಿ., ಪಹಣಿ, ನೆರೆಮನೆ ಹುಡುಗರ ಸ್ಥಳೀಯ ಮೀಸಲಾತಿಯ 371(ಜೆ) ಪ್ರಮಾಣಪತ್ರದ ಸ್ಕ್ಯಾನು. ನೌಕರಿಗೆ ಅರ್ಜಿ ಹಾಕುವ ಕೊನೆಯ ದಿನ ಸಂಜೆ ಎಲ್ಲರೂ ಓಡಿ ಬರುವುದು ಇಲ್ಲಿಗೇ.

ಕಾಕಾರ ಸುವರ್ಣಯುಗ ಶುರುವಾದದ್ದು ಫ್ರೀನ್ಯಾಸ್‌ನಿಂದ. ಫ್ರಾನ್ಸಿನ ಒಲಿವಿಯೆ ಕೊಶಾರ್ 2005ರಲ್ಲಿ ಹುಟ್ಟುಹಾಕಿದ ಈ ತಂತ್ರಾಂಶ 32 ಎಂಬಿ ಜಾಗದೊಳಗೆ ಮುದುಡಿ ಕೂತು, ಗುಜರಿಗೆ ಹೊರಟ ಪೆಂಟಿಯಮ್ಮನ್ನೂ ಮನೆಮಂದಿಗೆಲ್ಲ ಕಡತ ಹಂಚುವ ಕಣಜ ಮಾಡಿಬಿಡುತ್ತಿತ್ತು. ಆಮೇಲೆ ಅದರ ಬೇಡಿಕೆ ಬೀಗರ ಪಟ್ಟಿಯ ಹಾಗೆ ಬೆಳೆಯಿತು. 9.3ನೇ ಆವೃತ್ತಿಗೆ ಬಂದಾಗ 32 ಬಿಟ್‌ನ ಯಂತ್ರ ನಡೆಯುವುದಿಲ್ಲ ಎಂದಿತು. ಕಾಕಾ ಸಿಕಂದರಾಬಾದಿನ ಸಿ.ಟಿ.ಸಿ. ಎಂಬ ಕಂಪ್ಯೂಟರ್ ಬಜಾರಿಗೆ ಹೋಗಿ, ದಖನಿಯಲ್ಲಿ ಜಗಳಾಡಿ, ಹಳೆಯ ಕೋರ್-2-ಡುಯೊ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅಷ್ಟರಲ್ಲಿ ಫ್ರೀನ್ಯಾಸ್ ಹೆಸರು ಬದಲಿಸಿ ಟ್ರೂನ್ಯಾಸ್ ಆಯಿತು. ಕನಿಷ್ಠ 8 ಜಿಬಿ ರ‍್ಯಾಮ್ ಬೇಕೆಂದಿತು. ಕಾಕಾರ ಬೋರ್ಡಿಗೆ ಇರುವುದು ಎರಡೇ ಗೂಡು, ಅದು ತಡೆಯುವುದು ನಾಲ್ಕೇ ಜಿಬಿ.

“ಕನಿಷ್ಠ ಅಂದ್ರ ಅವರಿಗಿ ಕನಿಷ್ಠ. ನಮಗಲ್ಲ” ಅಂದರು ಕಾಕಾ. ಒಂದೇ ಜಿಬಿಯಲ್ಲಿ ಕಾಲ ಹಾಕುವ ಓಪನ್‌ಮೀಡಿಯಾವಾಲ್ಟ್ ಏರಿಸಿಕೊಂಡು ಕೂತರು. ಇಲ್ಲಿ ಕಾಕಾರದೇ ಸರಿ ಅನ್ನಬೇಕು. ಟ್ರೂನ್ಯಾಸಿನ ಕಡತ ವ್ಯವಸ್ಥೆಯಾದ ಝೆಡ್‌ಎಫ್‌ಎಸ್ ಓದಿದ್ದನ್ನೆಲ್ಲ ರ‍್ಯಾಮಿನಲ್ಲಿ ಹಿಡಿದಿಟ್ಟುಕೊಳ್ಳುವ ಸಿರಿವಂತ; ಜಾತ್ರೆಯ ವಿಡಿಯೊ ಇಡುವುದಕ್ಕೆ ಅಷ್ಟು ದೊಡ್ಡಸ್ತಿಕೆ ಬೇಕಿಲ್ಲ.

ಆದರೆ ಕಾಕಿಯ ಹಳೆಯ ಟಿ.ವಿ.ಗೆ ಹೊಸ ಸರ್ವರಿನ ಮಾತೇ ತಿಳಿಯದು. ಅದಕ್ಕೆ ಗೊತ್ತಿರುವುದು ಕಡತ ಹಂಚುವ ಹಳೆಯ ಭಾಷೆಯಾದ ಎಸ್‌ಎಂಬಿ-1 ಮಾತ್ರ. 2017ರ ವನ್ನಾಕ್ರೈ ಕುತಂತ್ರಾಂಶದ ಹಾವಳಿ ಹೊಕ್ಕದ್ದು ಅದೇ ಬಾಗಿಲಿನಿಂದ, 2019ರಲ್ಲಿ ಸರ್ವರಿನೊಳಗೆ ಕಡತ ಹಂಚುವ ಸಾಂಬಾ ತಂತ್ರಾಂಶ ಅದಕ್ಕೆ ಅಗಳಿ ಹಾಕಿತು. ಕಾಕಾ ಸೆಟ್ಟಿಂಗಿನಲ್ಲಿ ‘ಮಿನ್ ಪ್ರೋಟೋಕಾಲ್ ಎನ್‌ಟಿ1’ ಎಂದು ಒಂದು ಸಾಲು ಬರೆದು ಅಗಳಿ ತೆಗೆದರು. “ಕಳ್ಳರು ಅಷ್ಟೂರಿಗಿ ಯಾಕ ಬರ್ತಾರ?” ಕಾಕಿಗೆ ಜಾತ್ರೆ ಕಾಣಿಸಿತು, ಭದ್ರತೆಯ ಮಾತು ಅಲ್ಲಿಗೇ ನಿಂತಿತು.

ಕರೆಂಟಿನ ಬಿಲ್ಲಿನ ವಿಷಯದಲ್ಲಿ ಮಾತ್ರ ಕಾಕಾರದು ಅಪಾರ ಪ್ರತಿಭೆ. 80 ವ್ಯಾಟಿನ ಡಬ್ಬಿ ಮೂವತ್ತು ದಿನ ಬಿಡದೆ ಓಡಿದರೆ 57 ಯೂನಿಟ್ ಮೇಲಾಗುತ್ತದೆ. ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ಹಿಂದಿನ ವರ್ಷದ ಸರಾಸರಿ ನೋಡಿ ಪುಕ್ಕಟೆ ಯೂನಿಟ್ ಕೊಟ್ಟರಲ್ಲ? “ಡಬ್ಬಿ ಓಡಿತ್ತಂತ ನಮ್ಮ ಸರಾಸರಿ ಏರ‍್ಯದ. ಬಂದ್ ಮಾಡಿ ಇಟ್ಟವರಿಗಿ ಏನ್ ಸಿಕ್ಕದ?” ಕಾಕಿಯ ಬಳಿ ಇದಕ್ಕೆ ಉತ್ತರವಿಲ್ಲ. ನನ್ನ ಬಳಿಯೂ ಇಲ್ಲ.

ಹೈದರಾಬಾದಿನಿಂದ ಬಂದ ಐ.ಟಿ. ಅಳಿಯ ಒಮ್ಮೆ ಬುದ್ಧಿ ಹೇಳಲು ಕೂತ. “ಮಾಮಾ, ಇದರ ಕಾಲ ಮುಗದದ, ಹೊಸದು ತೊಗೋರಿ.”

“ವಲಿಯ ಗುಮ್ಮಟದಾಗಿನ ಬಣ್ಣಕ್ಕ ಸುಮಾರು ಆರುನೂರು ವರ್ಷ ಆಗ್ಯದ. ಅದಕ್ಕ ಯಾರರ ಸಪೋರ್ಟ್ ಮುಗೀತು ಅಂದಾರೇನು?”

“ನಿಮ್ಮ ಎರಡೂ ಡಿಸ್ಕು ಒಂದೇ ಡಬ್ಬಿಯಾಗ ಅವ. ಸಿಡಿಲು ಬಿದ್ದರ?” ಎನ್ನುತ್ತ ಅಳಿಯ, ಸಿಡಿಲು ಬಡಿದು ಸೀಳಿತೆಂದು ಊರವರು ಹೇಳುವ ಬಹಮನಿ ಸುಲ್ತಾನ ಹುಮಾಯೂನನ ಗೋರಿಯತ್ತ ಕೈ ತೋರಿಸಿದ.

ಕಾಕಾ ಆ ಕಡೆ ನೋಡಿದರು. “ಅರ್ಧ ಉಳದದ ಅಲ್ಲ? ಅದಕ್ಕೇ ಮಿರರ್ ಅಂತಾರ.”

ಅಳಿಯನ ಮಾತೇ ಸರಿ. ಒಂದು ಡಿಸ್ಕು ಸತ್ತರೆ, ಎರಡರಲ್ಲೂ ಒಂದೇ ಪ್ರತಿ ಇಡುವ ಮಿರರ್ ಕಾಯುತ್ತದೆ. ಸಿಡಿಲು, ಕಳವು, ಕೈತಪ್ಪಿ ಅಳಿಸಿದ್ದು, ಇವಕ್ಕೆ ಬೇರೆ ಮನೆಯಲ್ಲಿ ಇನ್ನೊಂದು ಪ್ರತಿ ಇರಬೇಕು. ಕಾಕಾ ಒಪ್ಪಲಿಲ್ಲ. ಆದರೆ ಅಳಿಯ ಊರಿಗೆ ಹೊರಟಾಗ ಹೋಳಿಗೆಯ ಡಬ್ಬಿಯ ಜೊತೆ ಹಳೆಯ ಹಾರ್ಡ್‌ಡಿಸ್ಕೊಂದನ್ನೂ ಕಟ್ಟಿಕೊಟ್ಟು, “ನಿಮ್ಮನ್ಯಾಗ ಇರ್ಲಿ” ಅಂದರು.

ಓದುಗರಲ್ಲಿ ಒಂದು ವಿನಂತಿ. ಕಾಕಾರ ಬೋರ್ಡಿನ ಒಂದು ಗೂಡು ಇನ್ನೂ ಖಾಲಿ ಇದೆ. ನಿಮ್ಮ ಅಟ್ಟದ ಮೇಲೆ ಡಿಡಿಆರ್-2ರ 2 ಜಿಬಿ ರ‍್ಯಾಮ್ ಬಿದ್ದಿದ್ದರೆ, ಗುಮ್ಮಟ ನೋಡಲು ಬರುವಾಗ ತನ್ನಿ. ಡಿಡಿಆರ್-3 ತರಬೇಡಿ, ಅದರ ಕಚ್ಚು ಬೇರೆ ಕಡೆ ಇರುತ್ತದೆ, ಕೂರುವುದಿಲ್ಲ.