ಹಾಳೆಗಲ್ಲ, ಆಳಿಗೆ ಬೆಲೆ

(ಕನಕಪುರದಿಂದ ಮಳವಳ್ಳಿ ಕಡೆ ಹೋಗುವ ರಸ್ತೆಯಲ್ಲಿ ಸಾತನೂರು. ಅಲ್ಲಿನ ಚಹಾ ಅಂಗಡಿಯ ಬೆಂಚಿನ ಮೇಲೆ ಈಥರ್‌ಪ್ಯಾಡ್‌ನ ಆತ್ಮ ಕೂತಿತ್ತು. ಹಲವರು ಒಟ್ಟಿಗೇ ಒಂದೇ ಹಾಳೆಯಲ್ಲಿ ಬರೆಯಬಹುದಾಗಿದ್ದ ಜಾಲತಾಣ. ಹುಟ್ಟಿದ್ದು 2008ರಲ್ಲಿ, ಕದ ಮುಚ್ಚಿದ್ದು 2010ರಲ್ಲಿ.)

ಪ್ರಶ್ನೆ: ಅಮೆರಿಕದ ಆತ್ಮಕ್ಕೆ ಸಾತನೂರಲ್ಲೇನು ಕೆಲಸ?

ಉತ್ತರ: 2008ರ ಮರುವಿಂಗಡಣೆಯಲ್ಲಿ ನಿಮ್ಮ ಸಾತನೂರು ವಿಧಾನಸಭಾ ಕ್ಷೇತ್ರವೇ ಪಟ್ಟಿಯಿಂದ ಹೋಯಿತಂತಲ್ಲ. ಊರಿದೆ, ಓಟುದಾರರಿದ್ದಾರೆ, ಕ್ಷೇತ್ರ ಇಲ್ಲ. ನನ್ನ ಸಂಕಟ ಅರ್ಥವಾಗುವ ಊರು ಅಂತ ಬಂದೆ.

ಪ್ರಶ್ನೆ: ನಿಮ್ಮಲ್ಲಿ ಅಂಥ ವಿಶೇಷ ಏನಿತ್ತು?

ಉತ್ತರ: ಒಬ್ಬೊಬ್ಬರ ಅಕ್ಷರಕ್ಕೆ ಒಂದೊಂದು ಬಣ್ಣ. ನಿಮ್ಮ ಕಡೆ ರೇಷ್ಮೆ ಬಿಚ್ಚುವಾಗ ಹತ್ತಾರು ಗೂಡಿನ ಎಳೆ ಸೇರಿ ಒಂದು ನೂಲಾದರೆ, ಯಾವ ಎಳೆ ಯಾವ ಗೂಡಿನದು ಅಂತ ಬ್ರಹ್ಮನಿಗೂ ತಿಳಿಯದು. ನನ್ನಲ್ಲಿ ತಿಳಿಯುತ್ತಿತ್ತು. ಒತ್ತಿದ ಕೀಲಿಯೆಲ್ಲ ದಾಖಲು. ಕಾಲದ ಪಟ್ಟಿ ಎಳೆದರೆ ಹಾಳೆ ಮೊದಲ ಅಕ್ಷರದಿಂದ ಮತ್ತೆ ಬರೆದುಕೊಳ್ಳುತ್ತಿತ್ತು. ಯಾರು ಬರೆದರು, ಯಾರು ಅಳಿಸಿದರು, ಎಲ್ಲ ಬಯಲು. ಹೀಗಾಗಿ, ವರದಿ ಪೂರ್ತಿ ನನ್ನದೇ ಎನ್ನುವ ಕಾರ್ಯದರ್ಶಿಗಳಿಗೆ ನಾನು ಆಗಿಬರಲಿಲ್ಲ.

ಪ್ರಶ್ನೆ: ಗೂಗಲ್ ಕೊಂಡಾಗ ಹಿಗ್ಗಿರಬೇಕು?

ಉತ್ತರ: 2009ರ ಡಿಸೆಂಬರ್. ನನ್ನನ್ನು ಕಟ್ಟಿದವರಲ್ಲಿ ಅದೇ ಗೂಗಲ್ ಬಿಟ್ಟು ಬಂದವರಿದ್ದರು. ‘ವೇವ್’ ಎಂಬ ಗೂಗಲ್‌ನ ಹೊಸ ಸಾಹಸಕ್ಕೆ ಅವರು ಬೇಕಾಗಿದ್ದರು, ನಾನಲ್ಲ. ಮಾರಾಟದ ಶುಭಸುದ್ದಿಯ ಜೊತೆಯಲ್ಲೇ ಹೊಸ ಹಾಳೆ ಬಂದ್. ಹಳೆಯವಕ್ಕೆ ಮುಂದಿನ ಮಾರ್ಚ್ 31ರ ಗಡುವು. ಮದುವೆ ಕಾಗದದಲ್ಲೇ ತಿಥಿಯ ದಿನಾಂಕವನ್ನೂ ಅಚ್ಚು ಹಾಕಿಸಿದ್ದರು.

ಪ್ರಶ್ನೆ: ಆ ವೇವ್ ಈಗ?

ಉತ್ತರ: 2010ರ ಆಗಸ್ಟ್‌ನಲ್ಲಿ ಅದರ ಅಭಿವೃದ್ಧಿ ನಿಲ್ಲಿಸಿದರು, 2012ರ ಏಪ್ರಿಲ್‌ನಲ್ಲಿ ಪೂರ್ತಿ ಮುಚ್ಚಿದರು. ಅದರ ತಿಥಿಗೂ ಹೋಗಿ ವಡೆ ತಿಂದು ಬಂದೆ.

ಪ್ರಶ್ನೆ: ಒಟ್ಟಿನಲ್ಲಿ ನೀವು ಸತ್ತಿದ್ದೀರಿ ತಾನೇ?

ಉತ್ತರ: ಅದೇ ಗೊಂದಲ. ಬಳಕೆದಾರರು ಬೊಬ್ಬೆ ಹೊಡೆದದ್ದಕ್ಕೆ ಹೊಸ ಹಾಳೆ ಮತ್ತೆ ತೆರೆದರು, ಮಾರಾಟವಾದ ಆ ಡಿಸೆಂಬರ್‌ನಲ್ಲೇ ನನ್ನ ಮೂಲ ಸಂಕೇತವನ್ನೂ ಮುಕ್ತವಾಗಿ ಬಿಟ್ಟರು. ಈಗ ಸರ್ವರ್ ಇರುವ ಯಾರಾದರೂ ನನ್ನನ್ನು ಪ್ರತಿಷ್ಠಾಪಿಸಬಹುದು. ಕನ್ನಡ ವಿಕಿಪೀಡಿಯಕ್ಕೆ ಆಸರೆಯಾಗಿರುವ ವಿಕಿಮೀಡಿಯವೂ ಕೂರಿಸಿದೆ. ಇಲ್ಲಿ ಬರೆದದ್ದು ಉಳಿಯುವ ಖಾತರಿಯಿಲ್ಲ ಅಂತ ಬಾಗಿಲಲ್ಲೇ ಹೇಳುತ್ತದೆ. ಪ್ರಾಮಾಣಿಕರು.

ಪ್ರಶ್ನೆ: ಆಗ ಬರೆದ ಹಾಳೆಗಳು?

ಉತ್ತರ: ಇಳಿಸಿಕೊಂಡವರ ಹತ್ತಿರ ಇರಬಹುದು. ಒತ್ತಿದ ಕೀಲಿಯನ್ನೂ ಮರೆಯದ ನಾನು, ನೋಡಿ, ಹಾಳೆಯನ್ನೇ ಉಳಿಸಿಕೊಳ್ಳಲಿಲ್ಲ.

ಪ್ರಶ್ನೆ: ಸರಿ, ಈ ಚಹಾದ ದುಡ್ಡು ಯಾರು ಕೊಡೋದು?

ಉತ್ತರ: ನನ್ನ ಬಿಟ್ಟಿ ಹಾಳೆಯಲ್ಲಿ ಬರೆದ ಒಬ್ಬರೂ ಆ ಪ್ರಶ್ನೆ ಕೇಳಿರಲಿಲ್ಲ. ನೀವೇ ಕೊಟ್ಟುಬಿಡಿ.